ಫೋರ್‌ವೀಲ್ ಡ್ರೈವ್ ಗಾಡಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ: ಮಟ್ಟ ನೋಡುವುದು ಹೇಗೆ, ಬದಲಿಸುವುದು ಎಷ್ಟು?

ಕಲ್ಲುದಾರಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳ ಹಿಂದೆ ನಾನು ಹಳೆಯ ಫೋರ್‌ವೀಲ್ ಡ್ರೈವ್ ವಾಹನವೊಂದನ್ನು ಕೊಂಡುಕೊಂಡೆ. ಡೀಸೆಲ್ ಎಂಜಿನ್, ನಾಲ್ಕು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಹೈ ಮತ್ತು ಲೋ ರೇಂಜಿಗೆ (ಮಾಮೂಲಿ ಓಟಕ್ಕೆ ಮತ್ತು ನಿಧಾನವಾದ, ಹೆಚ್ಚು ಬಲದ ಓಟಕ್ಕೆ) ಪ್ರತ್ಯೇಕ ಲಿವರ್ ಇರುವ ಗಾಡಿ. ಮೀಟರಿನಲ್ಲಿ 1,38,000 ಕಿಲೋಮೀಟರ್ ಇದೆ. ಎಂಜಿನ್ ಆಯಿಲ್ ಬದಲಿಸಿದ ಚೀಟಿಗಳನ್ನೆಲ್ಲ ಹಿಂದಿನ ಮಾಲೀಕರು ಜೋಪಾನವಾಗಿ ಇಟ್ಟುಕೊಂಡಿದ್ದರು, ಆದರೆ ಗೇರ್‌ಬಾಕ್ಸ್ ಎಣ್ಣೆಯನ್ನು ಯಾರಾದರೂ ಎಂದಾದರೂ ಮುಟ್ಟಿದ್ದರೆಂಬುದಕ್ಕೆ ಅವುಗಳಲ್ಲಿ ಒಂದು ಸಾಲಿನ ಆಧಾರವೂ ಸಿಗಲಿಲ್ಲ.

ನಿನ್ನೆ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವುದಕ್ಕೆ ಮುಂಚೆ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ನೋಡುವ ಗೆರೆಗಳಿರುವ ಕಡ್ಡಿ) ಎಳೆದು ನೋಡಿದಾಗ ಎಣ್ಣೆಯು ‘ಹಾಟ್’ ಗುರುತಿನ ಮೇಲ್ಗೆರೆಯನ್ನೂ ದಾಟಿ ಎರಡು ಬೆರಳಿನಷ್ಟು ಮೇಲಕ್ಕೆ ನಿಂತಿತ್ತು. ಬಣ್ಣ ಕೆಂಪಾಗಿರಲಿಲ್ಲ, ತುಕ್ಕಿನ ನೀರಿನಂತೆ ಕಂದಾಗಿತ್ತು. ಸುಟ್ಟ ವಾಸನೆ ಇದೆಯೋ ಇಲ್ಲವೋ ಎಂಬುದನ್ನು ನನ್ನ ಮೂಗು ಖಚಿತವಾಗಿ ಹೇಳಲಿಲ್ಲ. ಓಡಿಸುವಾಗ ದೊಡ್ಡ ತೊಂದರೆಯೇನೂ ಇಲ್ಲ. ಪಾರ್ಕ್‌ನಿಂದ ರಿವರ್ಸ್‌ಗೆ ಹಾಕಿದಾಗ ಗೇರು ಒಂದು ಕ್ಷಣ ತಡವಾಗಿ ಹಿಡಿಯುತ್ತದೆ, ಅಷ್ಟೆ.

ಈಗ ನನ್ನ ಗೊಂದಲಗಳು. ಎಣ್ಣೆ ಹೆಚ್ಚಾಗಿದ್ದರೆ ಒಂದು ಲೀಟರಿನಷ್ಟು ಹೊರಗೆ ಬಿಡಬೇಕೆ? ಒಬ್ಬ ಮೆಕ್ಯಾನಿಕ್ ಇದು ಜೀವಮಾನದ ಎಣ್ಣೆ, ಇಷ್ಟು ಓಡಿದ ಮೇಲೆ ಮುಟ್ಟಿದರೆ ಗೇರ್‌ಬಾಕ್ಸ್ ಕೈಕೊಡುತ್ತದೆ ಎಂದರೆ, ಇನ್ನೊಬ್ಬರು ಯಂತ್ರ ಹಚ್ಚಿ ಹಳೆಯ ಎಣ್ಣೆಯನ್ನೆಲ್ಲ ಹೊರದೂಡಿ ಪೂರ್ತಿ ಫ್ಲಶ್ ಮಾಡಿಸಲೇಬೇಕು ಎನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತು ಕೇಳಬೇಕು? ಮರಳು, ಹೊಳೆ, ಕಡಿದಾದ ಏರುಗಳಲ್ಲಿ ಆಗಾಗ ಓಡಿಸುವವನಾದ್ದರಿಂದ ಲೆಕ್ಕಾಚಾರ ಬದಲಾಗುತ್ತದೆಯೆ?

ಹಳೇಸ್ಪ್ಯಾನರ್:

ದಯವಿಟ್ಟು ಒಂದು ಹನಿಯನ್ನೂ ಸದ್ಯಕ್ಕೆ ಹೊರಗೆ ಬಿಡಬೇಡಿ. ನೀವು ನೋಡಿದ್ದು ಎಣ್ಣೆಯ ಮಟ್ಟವೇ ಅಲ್ಲ. ಎಂಜಿನ್ ಆಯಿಲನ್ನು ಎಂಜಿನ್ ನಿಲ್ಲಿಸಿ ನೋಡುವ ಅಭ್ಯಾಸ ನಮಗೆಲ್ಲ ಇರುವುದರಿಂದ ಇಲ್ಲಿಯೂ ಹಾಗೆಯೇ ಇರಬೇಕೆಂದು ಅನಿಸುತ್ತದೆ, ಆದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಂಜಿನ್ ತಿರುಗುತ್ತಿರುವಾಗ ಮಾತ್ರ ಪಂಪು ಕೆಲಸ ಮಾಡಿ ತಳದ ಪ್ಯಾನ್‌ನಲ್ಲಿರುವ ಎಣ್ಣೆಯನ್ನು ಮೇಲೆತ್ತಿ ಟಾರ್ಕ್ ಕನ್ವರ್ಟರ್ (ಎಂಜಿನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ), ವಾಲ್ವ್ ಬಾಡಿ (ಎಣ್ಣೆಯನ್ನು ಬೇಕಾದ ಕಡೆಗೆ ತಿರುಗಿಸುವ ಕವಾಟಗಳ ಭಾಗ), ಎಣ್ಣೆ ತಣಿಸುವ ಕೂಲರಿನ ಕೊಳವೆಗಳು ಇವನ್ನೆಲ್ಲ ತುಂಬಿಸಿಡುತ್ತದೆ. ಎಂಜಿನ್ ನಿಂತು ರಾತ್ರಿಯಿಡೀ ಕಳೆದರೆ ಅದರಲ್ಲಿ ಒಂದು ಪಾಲು ಮೆಲ್ಲನೆ ಪ್ಯಾನ್‌ಗೇ ಇಳಿದುಬರುತ್ತದೆ. ಬೆಳಿಗ್ಗೆ ನಿಮಗೆ ಕಂಡ ಎರಡು ಬೆರಳಿನ ಹೆಚ್ಚುವರಿ ಅದೇ ಆಗಿರುವ ಸಾಧ್ಯತೆ ಹೆಚ್ಚು. ಅದನ್ನು ಹೆಚ್ಚೆಂದು ತಿಳಿದು ಒಂದು ಲೀಟರ್ ತೆಗೆದಿದ್ದರೆ ಮುಂದಿನ ಏರಿನಲ್ಲಿ ಪಂಪು ಗಾಳಿ ಎಳೆಯುತ್ತಿತ್ತು.

ಸರಿಯಾಗಿ ನೋಡುವ ಕ್ರಮ ಹೀಗಿದೆ. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿಸಿ ಎಣ್ಣೆಯನ್ನು 70ರಿಂದ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಿಸಬೇಕು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡೆಕಟ್ಟೆ ಇಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಕಾಲನ್ನು ಬ್ರೇಕಿನ ಮೇಲಿರಿಸಿಕೊಂಡು ಗೇರ್ ಲಿವರನ್ನು ಪ್ರತಿಯೊಂದು ಸ್ಥಾನಕ್ಕೂ ಒಯ್ದು ಮೂರು ನಾಲ್ಕು ಸೆಕೆಂಡ್ ತಡೆದು ಮತ್ತೆ ಪಾರ್ಕ್‌ಗೆ ತರಬೇಕು. ಹೀಗೆ ಮಾಡುವುದರಿಂದ ಗೇರ್‌ಬಾಕ್ಸಿನೊಳಗೆ ಗೇರು ಹಿಡಿಸುವ ಪ್ರತಿಯೊಂದು ಕ್ಲಚ್ಚಿನ ದಾರಿಯೂ ಎಣ್ಣೆಯಿಂದ ತುಂಬುತ್ತದೆ. ಆಮೇಲೆ ಎಂಜಿನ್ ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದೆ) ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಎಳೆದು, ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ನೋಡಬೇಕು. ಎರಡು ಬದಿಗಳಲ್ಲಿ ಬೇರೆ ಬೇರೆ ಎತ್ತರ ಕಂಡರೆ ಕಡಿಮೆ ಇರುವುದನ್ನೇ ನಂಬಿರಿ. ಮೇಲಿನದು ಕೊಳವೆಯ ಗೋಡೆಯಿಂದ ಅಂಟಿದ್ದು. ಒರೆಸುವ ಬಟ್ಟೆ ನೂಲು ಬಿಡುವಂಥದ್ದಾಗಿರಬಾರದು, ಏಕೆಂದರೆ ವಾಲ್ವ್ ಬಾಡಿಯೊಳಗಿನ ಕವಾಟಗಳು ಒಂದು ಎಳೆಯ ಚೂರಿಗೂ ಸಿಕ್ಕಿಕೊಳ್ಳುವಷ್ಟು ನಿಕಟವಾಗಿ ಕೂತಿರುತ್ತವೆ.

ಫೋರ್‌ವೀಲ್ ಡ್ರೈವ್ ಇಟ್ಟುಕೊಂಡವರಿಗಾಗಿ ಇನ್ನೊಂದು ಮಾತು: ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ; ಹೈ-ಲೋ ರೇಂಜ್ ಇರುವುದೂ ಇದರಲ್ಲೇ) ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಗೇರ್‌ಬಾಕ್ಸನ್ನು ಪಾರ್ಕ್‌ನಲ್ಲಿಟ್ಟರೂ ಗಾಡಿ ಉರುಳುತ್ತದೆ. ಅಡೆಕಟ್ಟೆಯ ಮಾತನ್ನು ನಾನು ಶಾಸ್ತ್ರಕ್ಕಾಗಿ ಹೇಳಿದ್ದಲ್ಲ.

ಬಿಸಿಗೂ ಮಟ್ಟಕ್ಕೂ ಇರುವ ನಂಟನ್ನು ಒಂದು ಲೆಕ್ಕದಿಂದ ನೋಡಬಹುದು. ಒಟ್ಟು 10 ಲೀಟರ್ ಎಣ್ಣೆ 20 ಡಿಗ್ರಿಯಿಂದ 80 ಡಿಗ್ರಿಗೆ ಏರಿದರೆ ಶೇಕಡಾ 4ರಿಂದ 5ರಷ್ಟು, ಅಂದರೆ ಹೆಚ್ಚುಕಡಿಮೆ ಅರ್ಧ ಲೀಟರ್ ಹಿಗ್ಗುತ್ತದೆ. ಆದ್ದರಿಂದಲೇ ಡಿಪ್‌ಸ್ಟಿಕ್‌ನ ಮೇಲೆ ಕೋಲ್ಡ್ ಮತ್ತು ಹಾಟ್ ಎಂದು ಬೇರೆ ಬೇರೆ ಗುರುತುಗಳಿರುತ್ತವೆ. ಕೋಲ್ಡ್ ಗುರುತು ಎಣ್ಣೆ ತುಂಬುವಾಗಿನ ಅಂದಾಜಿಗೆ ಮಾತ್ರ. ತೀರ್ಪು ಹಾಟ್ ಗುರುತಿನದು.

ತೈಲಬಿಂದು:

ಮೇಲಿನವರು ಹೇಳಿದ್ದು ಹೆಚ್ಚಿನ ಗಾಡಿಗಳಿಗೆ ಸರಿ, ಆದರೆ ಎಲ್ಲಕ್ಕೂ ಅಲ್ಲ. ಕೆಲವು ಹಳೆಯ ಗೇರ್‌ಬಾಕ್ಸುಗಳಲ್ಲಿ ಪಾರ್ಕ್ ಸ್ಥಾನದಲ್ಲಿ ಕನ್ವರ್ಟರಿಗೆ ಎಣ್ಣೆ ಹೋಗುವುದಿಲ್ಲವಾದ್ದರಿಂದ ನ್ಯೂಟ್ರಲ್‌ನಲ್ಲಿಟ್ಟು ನೋಡಬೇಕೆಂದು ಕೈಪಿಡಿ ಹೇಳುತ್ತದೆ. ಹೋಂಡಾ ಕಂಪನಿಯ ಅನೇಕ ಗೇರ್‌ಬಾಕ್ಸುಗಳಲ್ಲಿ ಬಿಸಿಯಾದ ಎಂಜಿನನ್ನು ನಿಲ್ಲಿಸಿ ಒಂದೆರಡು ನಿಮಿಷದೊಳಗೆ ನೋಡಬೇಕು. ಆದ್ದರಿಂದ ಮೊದಲು ನಿಮ್ಮ ಗಾಡಿಯ ಕೈಪಿಡಿ, ಆಮೇಲೆ ನಾವು.

ಬದಲಿಸುವ ವಿಚಾರಕ್ಕೆ ಬರೋಣ. ಪ್ಯಾನ್‌ನ ಪ್ಲಗ್ ಬಿಚ್ಚಿದಾಗ ಹೊರಬರುವುದು ಒಟ್ಟು ಎಣ್ಣೆಯ ಒಂದು ಭಾಗ ಮಾತ್ರ. ಉಳಿದದ್ದು ಕನ್ವರ್ಟರಿನಲ್ಲೂ ಕೂಲರಿನಲ್ಲೂ ಕುಳಿತೇ ಇರುತ್ತದೆ. ಒಟ್ಟು 10 ಲೀಟರಿನಲ್ಲಿ ಪ್ರತಿ ಸಲ 4 ಲೀಟರ್ ಹೊರಬರುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಬದಲಾವಣೆಯ ನಂತರ ಹಳೆಯ ಎಣ್ಣೆ ಶೇಕಡಾ 60 ಉಳಿಯುತ್ತದೆ, ಎರಡನೆಯದರ ನಂತರ 36, ಮೂರನೆಯದರ ನಂತರ ಸುಮಾರು 22, ನಾಲ್ಕನೆಯದರ ನಂತರ 13. ನಾಲ್ಕನೆಯ ಸಲ ಸುರಿಯುವ 4 ಲೀಟರಿನಿಂದ ಸಿಗುವ ಲಾಭ ಮೊದಲ ಸಲದ ಲಾಭದ ಕಾಲು ಭಾಗವೂ ಇಲ್ಲವಾದ್ದರಿಂದ ಮೂರಕ್ಕೆ ನಿಲ್ಲಿಸುವುದು ನನ್ನ ಪದ್ಧತಿ. ನಡುವೆ ಕೆಲವು ನೂರು ಕಿಲೋಮೀಟರ್ ಓಡಿಸಿದರೆ ಹೊಸದು ಹಳೆಯದು ಚೆನ್ನಾಗಿ ಬೆರೆಯುತ್ತವೆ.

ಎಣ್ಣೆಯ ಆಯ್ಕೆಯಲ್ಲಿ ಬಣ್ಣವನ್ನು ನಂಬಲೇಬಾರದು. ಕೆಂಪು ಎಂಬುದು ಸೋರಿಕೆಯನ್ನು ಗುರುತಿಸಲು ಬೆರೆಸಿದ ಬಣ್ಣವೇ ಹೊರತು ದರ್ಜೆಯ ಸೂಚನೆಯಲ್ಲ. ಡೆಕ್ಸ್‌ರಾನ್-3, 2005ರಲ್ಲಿ ಬಂದ ಅದಕ್ಕಿಂತ ತೆಳುವಾದ ಡೆಕ್ಸ್‌ರಾನ್-6, ಟೊಯೋಟಾದ ಟೈಪ್ ಟಿ-4, ಆಮೇಲಿನ ಡಬ್ಲ್ಯೂಎಸ್, ಮಿತ್ಸುಬಿಷಿಯ ಎಸ್‌ಪಿ-3, ಕ್ರೈಸ್ಲರ್‌ನ ಎಟಿಎಫ್ ಪ್ಲಸ್ ಫೋರ್ ಈ ಬೇರೆ ಬೇರೆ ದರ್ಜೆಯ ಎಣ್ಣೆಗಳೆಲ್ಲ ಕಣ್ಣಿಗೆ ಒಂದೇ ಥರ ಕೆಂಪು. ವ್ಯತ್ಯಾಸ ಇರುವುದು ಸ್ನಿಗ್ಧತೆಯಲ್ಲಿ (ಎಷ್ಟು ತೆಳುವಾಗಿ ಹರಿಯುತ್ತದೆ ಎಂಬುದರಲ್ಲಿ) ಮತ್ತು ಘರ್ಷಣೆಯನ್ನು ಹದಗೊಳಿಸುವ ರಾಸಾಯನಿಕಗಳಲ್ಲಿ. ಎಂಜಿನ್ ಆಯಿಲಿನ ಕೆಲಸ ಜಾರಿಸುವುದು. ಈ ಎಣ್ಣೆಯಾದರೋ ಗೇರಿನ ಹಲ್ಲುಗಳನ್ನು ಜಾರಿಸಬೇಕು, ಅದೇ ಹೊತ್ತಿಗೆ ಕ್ಲಚ್ ಪ್ಲೇಟುಗಳು ಅದರಲ್ಲೇ ಮುಳುಗಿದ್ದುಕೊಂಡು ಒಂದನ್ನೊಂದು ಹಿಡಿಯುವಂತೆಯೂ ಮಾಡಬೇಕು. 1970ರ ದಶಕದ ಆರಂಭದವರೆಗೆ ಈ ಹದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು ಎಂದರೆ ಅದು ಎಷ್ಟು ಸೂಕ್ಷ್ಮವಾದ ಸಂಗತಿಯೆಂಬುದು ತಿಳಿಯುತ್ತದೆ. ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಿದ್ದ ಮೇಲೆ ತಯಾರಕರು ಬದಲಿ ರಾಸಾಯನಿಕ ಹುಡುಕಬೇಕಾಯಿತು. ಎಣ್ಣೆ ಹಳೆಯದಾಗುವುದೆಂದರೆ ಮುಖ್ಯವಾಗಿ ಈ ಹದ ಕೆಡುವುದೇ.

ಮೊದಲ ಸಲ ಪ್ಯಾನ್ ಇಳಿಸಿಯೇ ಮಾಡಿ. ಒಳಗಿನ ಅಯಸ್ಕಾಂತಗಳ ಮೇಲೆ ಬೆರಳಾಡಿಸಿದಾಗ ನುಣುಪಾದ ಬೂದು ಬಣ್ಣದ ಪೇಸ್ಟಿನಂಥದ್ದು ಹತ್ತಿದರೆ ಅದು ವಯಸ್ಸಿನ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಎಣ್ಣೆ ಬದಲಿಸಿ ಪ್ರಯೋಜನವಿಲ್ಲ, ಗೇರ್‌ಬಾಕ್ಸನ್ನೇ ಬಿಚ್ಚಿ ನೋಡಬೇಕು. ಫಿಲ್ಟರ್ ಬಟ್ಟೆಯದ್ದಾದರೆ ಹೊಸದನ್ನು ಹಾಕಿ. ಲೋಹದ ಜಾಲರಿಯದ್ದಾದರೆ ತೊಳೆದು ಹಾಕಬಹುದು. ಪ್ಯಾನ್‌ನ ಬೋಲ್ಟುಗಳು ಸಣ್ಣವು, ಅವಕ್ಕೆ ಬೇಕಾದ ಬಿಗಿತ ಬಹುಪಾಲು 10 ನ್ಯೂಟನ್ ಮೀಟರಿನ ಆಸುಪಾಸು. ಸೋರೀತೆಂಬ ಭಯದಿಂದ ಬಲ ಹಾಕಿ ಬಿಗಿದರೆ ಗ್ಯಾಸ್ಕೆಟ್ ಹೊರಕ್ಕೆ ಉಬ್ಬಿ ಅಲ್ಲಿಂದಲೇ ಸೋರುತ್ತದೆ.

ದೂಳುಪಟ:

ಮೂರು ಸಲ ಬಿಚ್ಚಿ ಮೂರು ಸಲ ತುಂಬುವುದು ನನಗೆ ಸಮಯದ ವ್ಯರ್ಥವೆನಿಸುತ್ತದೆ. ಪ್ಯಾನ್ ಇಳಿಸಿ, ಫಿಲ್ಟರ್ ಬದಲಿಸಿ, ಇಳಿದಷ್ಟು ಎಣ್ಣೆ ತುಂಬಿದ ಮೇಲೆ ಕೂಲರಿನಿಂದ ಮರಳಿ ಬರುವ ಕೊಳವೆಯನ್ನು ಬಿಚ್ಚಿ ಅಳತೆಯ ಗೆರೆಗಳಿರುವ ಪಾತ್ರೆಗೆ ಬಿಡಿ. ಒಬ್ಬರು ಎಂಜಿನನ್ನು ಐಡಲಿನಲ್ಲಿ ಓಡಿಸಲಿ, ಒಂದು ಲೀಟರ್ ಹೊರಬಿದ್ದ ಕೂಡಲೇ ನಿಲ್ಲಿಸಲಿ, ಡಿಪ್‌ಸ್ಟಿಕ್ ಕೊಳವೆಯಿಂದ ಅಷ್ಟೇ ಹೊಸ ಎಣ್ಣೆಯನ್ನು ಇನ್ನೊಬ್ಬರು ಸುರಿಯಲಿ. ಹೊರಬರುವ ಧಾರೆ ಹೊಸ ಎಣ್ಣೆಯ ಬಣ್ಣಕ್ಕೆ ತಿರುಗುವವರೆಗೆ ಹೀಗೆಯೇ ಮುಂದುವರಿಸಿದರೆ ಒಂದೇ ಮಧ್ಯಾಹ್ನದಲ್ಲಿ ಕನ್ವರ್ಟರಿನ ಎಣ್ಣೆಯೂ ಬಹುಪಾಲು ಬದಲಾಗುತ್ತದೆ. ಗೇರ್‌ಬಾಕ್ಸಿನ ಸ್ವಂತ ಪಂಪೇ ಎಣ್ಣೆಯನ್ನು ಅದರ ಮಾಮೂಲಿ ದಿಕ್ಕಿನಲ್ಲಿ ತಳ್ಳುವುದರಿಂದ ಹೊರಗಿನ ಒತ್ತಡದ ಪ್ರಶ್ನೆ ಬರುವುದಿಲ್ಲ. ಯಂತ್ರದ ಫ್ಲಶ್‌ನಲ್ಲಿ ತೊಳೆಯುವ ದ್ರಾವಣ ಹಾಕುತ್ತಾರಾದರೆ ನಾನಂತೂ ಒಪ್ಪುವುದಿಲ್ಲ. ಆ ದ್ರಾವಣ ಪೂರ್ತಿ ಹೊರಗೆ ಬಂದಿತೆಂದು ಯಾರು ಹೇಳಬೇಕು?

ಮುಟ್ಟಿದರೆ ಕೆಡುತ್ತದೆ ಎಂಬ ಮಾತಿನ ಹಿಂದೆ ಒಂದು ತರ್ಕವಿದೆ, ಆದರೆ ಕಾರಣ ಮತ್ತು ಪರಿಣಾಮ ಅಲ್ಲಿ ಅದಲುಬದಲಾಗಿವೆ. ಹೆಚ್ಚಿನವರಿಗೆ ಎಣ್ಣೆಯ ನೆನಪಾಗುವುದೇ ಗೇರು ಜಾರಲು ತೊಡಗಿದ ಮೇಲೆ. ಅಷ್ಟರಲ್ಲಿ ಕ್ಲಚ್ಚಿನ ಪದರ ಸವೆದುಹೋಗಿರುತ್ತದೆ, ಎಣ್ಣೆ ಬದಲಿಸಿದ ವಾರದಲ್ಲೇ ಅದು ನಿಂತರೆ ಅಪವಾದ ಹೊಸ ಎಣ್ಣೆಯ ಮೇಲೆ ಬರುತ್ತದೆ. ಇನ್ನು ಜೀವಮಾನದ ಎಣ್ಣೆಯ ವಿಚಾರ: ಒಮ್ಮೆ ತುಂಬಿದ ಎಣ್ಣೆ ಜೀವಮಾನವಿಡೀ ಸಾಕೆಂದು ಕೆಲವು ಕಾರು ತಯಾರಕರು ಹೇಳುವ ಗೇರ್‌ಬಾಕ್ಸುಗಳನ್ನೇ ತಯಾರಿಸಿಕೊಡುವ ಜರ್ಮನಿಯ ಝಡ್‌ಎಫ್ ಸಂಸ್ಥೆ, ಬಳಕೆಯನ್ನು ಅನುಸರಿಸಿ 80,000ದಿಂದ 1,20,000 ಕಿಲೋಮೀಟರಿನೊಳಗೆ ಎಣ್ಣೆ ಬದಲಿಸಬೇಕೆಂದು ಸಲಹೆ ಕೊಡುತ್ತದೆ. ಯಾರ ಜೀವಮಾನ ಎಂದು ಕೇಳುವ ಹಕ್ಕು ಗ್ರಾಹಕನಿಗೆ ಇದ್ದೇ ಇದೆ.

ಆದರೆ ರಿವರ್ಸ್ ತಡವಾಗಿ ಹಿಡಿಯುತ್ತದೆ ಎಂದಿದ್ದೀರಿ. ಬಿಸಿಯಾದ ಮೇಲೂ ತಡವಾಗುತ್ತದೆಯೇ ಅಥವಾ ಬೆಳಗಿನ ಮೊದಲ ಸಲಕ್ಕೆ ಮಾತ್ರವೇ ಎಂಬುದನ್ನು ಗಮನಿಸಿ ಹೇಳಿ. ಮೊದಲ ಸಲಕ್ಕೆ ಮಾತ್ರವಾದರೆ ಕನ್ವರ್ಟರಿನಿಂದ ಇಳಿದ ಎಣ್ಣೆ ಮತ್ತೆ ತುಂಬಿಕೊಳ್ಳುವ ಸಮಯವಿರಬಹುದು.

ಕಲ್ಲುದಾರಿ:

ಎಲ್ಲರಿಗೂ ಧನ್ಯವಾದಗಳು. ಹೇಳಿದ ಕ್ರಮದಲ್ಲೇ ನೋಡಿದೆ. ನಾಚಿಕೆಯಾದರೂ ಒಪ್ಪಿಕೊಳ್ಳುತ್ತೇನೆ: ಬಿಸಿಯಾದ ಎಣ್ಣೆ, ಓಡುತ್ತಿರುವ ಎಂಜಿನ್, ಸಮನೆಲ ಇಷ್ಟೂ ಇದ್ದಾಗ ಎಣ್ಣೆ ಹಾಟ್ ಗುರುತಿನ ಕೆಳಗೆರೆಗಿಂತ ಒಂದು ಕಡ್ಡಿಯಷ್ಟು ಕೆಳಗೇ ಇತ್ತು. ಹೆಚ್ಚಾಗಿದೆಯೆಂದು ತೆಗೆಯಲು ಹೊರಟಿದ್ದವನಿಗೆ ನಿಜದಲ್ಲಿ ಎಣ್ಣೆ ಕಡಿಮೆಯಿತ್ತು. ರಿವರ್ಸ್ ತಡವಾಗುವುದು ಬೆಳಗಿನ ಮೊದಲ ಸಲಕ್ಕೆ ಮಾತ್ರ.

ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಪಕ್ಕದಲ್ಲಿ ಹೊಸ ಎಣ್ಣೆಯ ಹನಿಯನ್ನೂ ಬಿಟ್ಟು ಇಟ್ಟೆ. ಹೊಸದು ಗುಲಾಬಿ ಬಣ್ಣದ ಅಗಲವಾದ ವೃತ್ತವಾಗಿ ಹರಡಿತು. ಹಳೆಯದು ಕಂದು ವೃತ್ತವಾಗಿ ಹರಡಿದರೂ ನಟ್ಟನಡುವೆ ಕಪ್ಪು ಚುಕ್ಕೆಯೊಂದನ್ನು ಉಳಿಸಿತು. ಶನಿವಾರ ಪ್ಯಾನ್ ಇಳಿಸಿದೆ. ಪ್ಲಗ್ಗಿನಿಂದ 3.9 ಲೀಟರ್, ಪ್ಯಾನ್‌ನೊಳಗೆ ಉಳಿದದ್ದು ಕಾಲು ಲೀಟರಿಗೆ ಸ್ವಲ್ಪ ಕಡಿಮೆ. ಎರಡು ಅಯಸ್ಕಾಂತಗಳೂ ಬೂದು ಪೇಸ್ಟಿನಿಂದ ಮುಚ್ಚಿಹೋಗಿದ್ದವು, ಬಿಸಿಲಿಗೆ ಹಿಡಿದು ಉಜ್ಜಿದಾಗ ಎಲ್ಲಿಯೂ ಚುಚ್ಚಲಿಲ್ಲ. ಪ್ಯಾನ್‌ನ ಮೂಲೆಯಲ್ಲಿ ಒಂದು ಬೋಲ್ಟ್ ಬೆರಳಿನಿಂದಲೇ ತಿರುಗುವಷ್ಟು ಸಡಿಲವಾಗಿತ್ತು, ಅದರ ಕೆಳಗೆ ಎಣ್ಣೆ ದೂಳು ಕೂಡಿ ಗಟ್ಟಿಯಾದ ಪದರ ಕಟ್ಟಿತ್ತು. ಮಟ್ಟ ಇಳಿದ ದಾರಿ ಅದೇ ಎಂದುಕೊಂಡಿದ್ದೇನೆ. ಹೊಸ ಫಿಲ್ಟರ್ ಹಾಕಿ, ಇಳಿದದ್ದಕ್ಕಿಂತ ಸ್ವಲ್ಪವೇ ಹೆಚ್ಚು ತುಂಬಿ, ಬಿಸಿ ಮಾಡಿ ಮತ್ತೆ ನೋಡಿದೆ. ಈಗ ಎರಡು ಗೆರೆಗಳ ನಡುವೆ ಇದೆ.

ಒಂದುಪ್ರಶ್ನೆ:

ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆಯಿರಲಿ. ನನ್ನ ಗಾಡಿಯಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಅಂಥವರು ಏನು ಮಾಡಬೇಕು?

ಹಳೇಸ್ಪ್ಯಾನರ್:

ಅವುಗಳಲ್ಲಿ ಡಿಪ್‌ಸ್ಟಿಕ್ ಬದಲಿಗೆ ಓವರ್‌ಫ್ಲೋ ಪ್ಲಗ್ ಇರುತ್ತದೆ. ಎಂಜಿನ್ ಓಡುತ್ತಿರುವಾಗ, ಎಣ್ಣೆ ನಿಗದಿತ ಉಷ್ಣತೆಯಲ್ಲಿರುವಾಗ (ಹೆಚ್ಚಿನವುಗಳಲ್ಲಿ 40 ಡಿಗ್ರಿಯ ಆಸುಪಾಸು) ಆ ಪ್ಲಗ್ ಬಿಚ್ಚಿದರೆ ಧಾರೆಯಾಗಿ ಬರುವುದು ನಿಂತು ತೊಟ್ಟಿಕ್ಕುವ ಹಂತಕ್ಕೆ ಬರಬೇಕು. ಏನೂ ಬರದಿದ್ದರೆ ಕಡಿಮೆ ಇದೆಯೆಂದರ್ಥ. ಉಷ್ಣತೆಯನ್ನು ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರಿನಿಂದ ಓದುವುದೇ ಒಳ್ಳೆಯದು, ಏಕೆಂದರೆ 60 ಡಿಗ್ರಿಯಲ್ಲಿ ಬಿಚ್ಚಿದರೆ ಹಿಗ್ಗಿದ ಎಣ್ಣೆಯನ್ನು ಹೆಚ್ಚೆಂದು ಹೊರಗೆ ಬಿಟ್ಟಂತಾಗುತ್ತದೆ.

ಇಲ್ಲಿ ನನ್ನದೇ ಒಂದು ಮೂರ್ಖತನ ಹೇಳಿಬಿಡುತ್ತೇನೆ. ಇಂಥದೊಂದು ಗಾಡಿಯಲ್ಲಿ ಮೊದಲು ಕೆಳಗಿನ ಪ್ಲಗ್ ಬಿಚ್ಚಿ ಎಣ್ಣೆಯನ್ನೆಲ್ಲ ಇಳಿಸಿ, ಆಮೇಲೆ ತುಂಬುವ ಪ್ಲಗ್ಗಿಗೆ ಕೈ ಹಾಕಿದೆ. ಅದು ತುಕ್ಕು ಹಿಡಿದು ಕೂತಿತ್ತು, ಸ್ಪ್ಯಾನರ್ ಜಾರಿ ತಲೆ ಉರುಟಾಯಿತು. ಎಣ್ಣೆಯಿಲ್ಲದ ಗಾಡಿ ಎರಡು ದಿನ ಜ್ಯಾಕ್ ಮೇಲೆಯೇ ನಿಂತಿತ್ತು. ತುಂಬುವ ಪ್ಲಗ್ ಸಡಿಲವಾಗುತ್ತದೆಂದು ಖಾತ್ರಿಯಾದ ಮೇಲೆಯೇ ಕೆಳಗಿನದಕ್ಕೆ ಕೈ ಹಾಕಿರಿ.

ಗುಡ್ಡದಾಚೆ:

ಮೂಲ ಪ್ರಶ್ನೆಯ ಕೊನೆಯ ಭಾಗಕ್ಕೆ, ಅಂದರೆ ಮರಳು ಮತ್ತು ಹೊಳೆಯ ವಿಚಾರಕ್ಕೆ ಯಾರೂ ಬರಲಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ.

ಈ ಎಣ್ಣೆಯ ಶತ್ರು ಕಿಲೋಮೀಟರ್ ಅಲ್ಲ, ಕಾವು. ಮರಳಿನಲ್ಲೋ ಕಲ್ಲಿನ ಏರಿನಲ್ಲೋ ನಿಧಾನವಾಗಿ ಹೋಗುವಾಗ ಕನ್ವರ್ಟರ್ ಲಾಕ್ ಆಗುವುದಿಲ್ಲ (ಅದರ ಎರಡು ಬದಿಗಳೂ ಜಾರದೆ ಒಂದಾಗಿ ತಿರುಗುವುದಿಲ್ಲ), ಎಂಜಿನಿನ ಬಲದ ಒಂದು ದೊಡ್ಡ ಪಾಲು ಎಣ್ಣೆಯನ್ನು ಕಡೆಯುವುದರಲ್ಲೇ ಕಾವಾಗಿ ಹೋಗುತ್ತದೆ. ಮಾಮೂಲಿ ರಸ್ತೆಯಲ್ಲಿ 80-90 ಡಿಗ್ರಿಯಲ್ಲಿರುವ ಎಣ್ಣೆ ಇಲ್ಲಿ 120 ದಾಟುವುದು ಕಷ್ಟವೇನಲ್ಲ. ಪ್ರತಿ 10 ಡಿಗ್ರಿ ಏರಿಕೆಗೆ ಎಣ್ಣೆ ಆಮ್ಲಜನಕದೊಡನೆ ಬೆರೆತು ಕೆಡುವ ವೇಗ ಇಮ್ಮಡಿಯಾಗುತ್ತದೆಂಬ ಸ್ಥೂಲ ಲೆಕ್ಕವನ್ನು ಹಿಡಿದರೂ, ಮರಳಿನಲ್ಲಿ ಕಳೆದ ಒಂದು ದಿನ ಹೆದ್ದಾರಿಯ ಅನೇಕ ದಿನಗಳಿಗೆ ಸಮ. ಆದ್ದರಿಂದ ಎಣ್ಣೆ ಬದಲಿಸುವ ಅವಧಿಯನ್ನು ಕೈಪಿಡಿಯ ‘ಕಠಿಣ ಬಳಕೆ’ ಸಾಲಿನಿಂದ ಓದಬೇಕು. ಅದಕ್ಕಿಂತ ಸುಲಭದ ಉಪಾಯ ಲೋ ರೇಂಜಿಗೆ ಬೇಗ ಇಳಿಯುವುದು. ಬಹಳ ಜನ ಗಾಡಿ ಸಿಕ್ಕಿಬಿದ್ದ ಮೇಲೆ ಮಾತ್ರ ಆ ಲಿವರ್ ಎಳೆಯುತ್ತಾರೆ. ಅದೇ ವೇಗದಲ್ಲಿ ಲೋ ರೇಂಜಿನಲ್ಲಿ ಹೋದರೆ ಕನ್ವರ್ಟರಿನ ಜಾರುವಿಕೆ ಕಡಿಮೆಯಾಗಿ ಎಣ್ಣೆ ತಣ್ಣಗಿರುತ್ತದೆ.

ಹೊಳೆಯ ಅಪಾಯ ಬೇರೆ ರೀತಿಯದು. ಕಾದ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಒಳಗಿನ ಗಾಳಿ ಹೋಗಿಬರಲೆಂದು ಇರುವ ಬ್ರೀದರ್ ಕೊಳವೆಯ ಬಾಯಿ ನೀರಿನಲ್ಲಿದ್ದರೆ ನೀರನ್ನೇ ಹೀರಿಕೊಳ್ಳುತ್ತದೆ. ಬ್ರೀದರ್ ಕಟ್ಟಿಹೋಗಿದ್ದರೆ ಸೀಲುಗಳ ಮೂಲಕ ಎಳೆದುಕೊಳ್ಳುತ್ತದೆ. ಕ್ಲಚ್ ಪ್ಲೇಟಿನ ಘರ್ಷಣೆಯ ಪದರ ಕಾಗದದಂಥ ನಾರಿನಿಂದ ಮಾಡಿ ಅಂಟಿಸಿದ್ದು, ನೀರು ತಗುಲಿದರೆ ಅಂಟು ಬಿಡುತ್ತದೆ. ಎಣ್ಣೆ ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು. ಹೊಳೆ ದಾಟದೆಯೂ ಹಾಗಾಗಬಹುದು: ರೇಡಿಯೇಟರಿನೊಳಗಿನ ಕೂಲರ್ ಒಡೆದರೆ ಕೂಲಂಟ್ ಎಣ್ಣೆಗೆ ಬೆರೆಯುತ್ತದೆ.

ಗೇರ್‌ಬಾಕ್ಸ್ ಎಣ್ಣೆ ಬದಲಿಸಿದೆನೆಂದು ಟ್ರಾನ್ಸ್‌ಫರ್ ಕೇಸನ್ನು ಮರೆಯಬೇಡಿ. ಅದರ ಎಣ್ಣೆ ಬೇರೆ, ಪ್ಲಗ್ ಬೇರೆ; ಕೆಲವಕ್ಕೆ ಇದೇ ಕೆಂಪು ಎಣ್ಣೆ, ಕೆಲವಕ್ಕೆ ಗೇರ್ ಆಯಿಲ್. ಅಡಿಯಲ್ಲಿ ಮಲಗಿ ನೋಡಿದಾಗ ಎಲ್ಲ ಪ್ಲಗ್ಗುಗಳೂ ಒಂದೇ ಥರ ಕಾಣುವುದರಿಂದ ಬಿಚ್ಚುವ ಮೊದಲು ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳುವುದು ಲೇಸು.

ಕಲ್ಲುದಾರಿ:

ಕೊನೆಯ ವರದಿ. ಎರಡನೆಯ ಮತ್ತು ಮೂರನೆಯ ಬದಲಾವಣೆಗಳೂ ಮುಗಿದವು. ಕೂಲರ್ ಕೊಳವೆ ಬಿಚ್ಚಲು ಜೊತೆಗೆ ಇನ್ನೊಬ್ಬರಿಲ್ಲದ ಕಾರಣ ತೈಲಬಿಂದು ಅವರ ದಾರಿಯನ್ನೇ ಹಿಡಿದೆ. ಮೂರು ಸಲ ಇಳಿಸಿದ ಎಣ್ಣೆಯನ್ನೂ ಮೂರು ಗಾಜಿನ ಬಾಟಲಿಗಳಲ್ಲಿ ಸಾಲಾಗಿ ಕಿಟಕಿಯಲ್ಲಿಟ್ಟಿದ್ದೇನೆ: ಮೊದಲನೆಯದರ ಮೂಲಕ ಬೆಳಕೇ ಹಾಯುವುದಿಲ್ಲ, ಎರಡನೆಯದು ಕಂದು, ಮೂರನೆಯದರಲ್ಲಿ ಕೆಂಪು ಕಾಣಿಸಿಕೊಂಡಿದೆ. ಬೆಳಗಿನ ರಿವರ್ಸ್ ಈಗ ತಡವಿಲ್ಲದೆ ಹಿಡಿಯುತ್ತದೆ. ಅದು ಹೊಸ ಎಣ್ಣೆಯಿಂದಲೋ, ಮಟ್ಟ ಸರಿಹೋದದ್ದರಿಂದಲೋ ಬಿಡಿಸಿ ಹೇಳಲಾರೆ.

ಗುಡ್ಡದಾಚೆಯವರ ಮಾತು ಓದಿದ ಮೇಲೆ ಬ್ರೀದರ್ ಹುಡುಕಿಕೊಂಡು ಹೋದೆ. ಗೇರ್‌ಬಾಕ್ಸಿನದು ಎಂಜಿನ್ ಕೋಣೆಯ ಎತ್ತರದವರೆಗೆ ಬಂದಿದೆ, ಸ್ವಚ್ಛವಾಗಿದೆ. ಟ್ರಾನ್ಸ್‌ಫರ್ ಕೇಸಿನದು ಮಾತ್ರ ಗೇಣುದ್ದದ ತುಂಡು ಕೊಳವೆ, ಅದರ ಬಾಯಿಗೆ ಕೆಸರು ಒಣಗಿ ಬಿರಡೆಯಂತೆ ಕೂತಿತ್ತು. ತಂತಿ ಹಾಕಿ ಚುಚ್ಚಿದಾಗ ಒಳಗಿನಿಂದ ಗಾಳಿ ಉಸ್ಸೆಂದು ಹೊರಬಂತು. ಆ ಎಣ್ಣೆಯನ್ನು ಈ ಭಾನುವಾರ ಇಳಿಸುತ್ತೇನೆ, ತುಂಬುವ ಪ್ಲಗ್ಗನ್ನು ಮೊದಲೇ ಸಡಿಲಿಸಿಕೊಂಡು.